ಗವಂತಿಯ ಲೆಕ್ಕ, ಮೃದಂಗದ ಲೆಕ್ಕ

ಧಾರವಾಡದ ಕಡೆಯವರಾದ ನನ್ನ ಅತ್ತೆ ಕಸೂತಿ ಹಾಕುವಾಗ ಬಟ್ಟೆಯ ಮೇಲೆ ಒಂದು ಗೆರೆಯನ್ನೂ ಬರೆದುಕೊಳ್ಳುವುದಿಲ್ಲ. ಎಳೆಗಳನ್ನು ಎಣಿಸುತ್ತ, ತುಟಿಯಲ್ಲೇ ಲೆಕ್ಕ ಹೇಳಿಕೊಳ್ಳುತ್ತ ಸೂಜಿ ಆಡಿಸುತ್ತಾರೆ. ಕೆಲವು ವರ್ಷ ಮೃದಂಗ ಕಲಿತ ನನಗೆ ಆ ಎಣಿಕೆ, ಮೃದಂಗದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಸೊಲ್ಲುಕಟ್ಟಿನಂತೆಯೇ ಕೇಳಿಸಿದ್ದರಿಂದ, ಇಳಕಲ್ ಸೀರೆಯೊಂದರ ಮೇಲೆ ಅವರು ಹಾಕಿದ್ದ ಕಸೂತಿಯನ್ನು ನುಡಿಸಿ ನೋಡುವ ಆಸೆ ಹುಟ್ಟಿತು.

ಮೊದಲ ಪ್ರಯತ್ನ ಹೆಡ್ಡತನದ್ದು. ಚಿತ್ತಾರವನ್ನು ಚೌಕುಳಿ ಹಾಳೆಗೆ ಇಳಿಸಿಕೊಂಡು, ಮೇಲಿನ ಸಾಲಿಗೆ ತಾರ, ಕೆಳಗಿನದಕ್ಕೆ ಮಂದ್ರ ಎಂದು ಸ್ವರ ಹಂಚಿ ಕಂಪ್ಯೂಟರಿನಲ್ಲಿ ಕೇಳಿದೆ. ಆನೆ, ತೇರು, ತುಳಸಿಕಟ್ಟೆ ಎಲ್ಲವೂ ಒಂದೇ ಬಗೆಯ ಗದ್ದಲವಾದವು. ಕಣ್ಣು ಇಡೀ ಆನೆಯನ್ನು ಒಮ್ಮೆಗೇ ನೋಡಿಬಿಡುತ್ತದೆ; ಕಿವಿಗೆ ಆ ಭಾಗ್ಯವಿಲ್ಲ.

ಚಿತ್ರವನ್ನು ಬಿಟ್ಟು ಸೂಜಿಯ ನಡೆಯನ್ನು ಹಿಡಿದಾಗ ದಾರಿ ಸಿಕ್ಕಿತು. ಗವಂತಿ ಎಂಬ ಕಸೂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಸಾಗಿ, ಕೊನೆ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಮರಳುತ್ತ, ಬಿಟ್ಟುಹೋಗಿದ್ದ ತೆರಪುಗಳನ್ನೆಲ್ಲ ತುಂಬುತ್ತದೆ. ಆದ್ದರಿಂದಲೇ ಬಟ್ಟೆಯ ಎರಡೂ ಮೈ ಒಂದೇ ರೀತಿ ಕಾಣುತ್ತವೆ. ಒಂದು ಎಳೆಗೆ ಒಂದು ಮಾತ್ರೆ ಎಂದುಕೊಂಡರೆ, ನಾಲ್ಕೆಳೆಯ ಹೊಲಿಗೆ ಒಂದು ‘ತಕದಿಮಿ’, ಅದರ ಮುಂದಿನ ತೆರಪು ನಾಲ್ಕು ಮಾತ್ರೆಯ ಮೌನ. ಹೋಗುವ ಎಳೆಯನ್ನು ಎಡಗೈಗೂ ಮರಳುವ ಎಳೆಯನ್ನು ಬಲಗೈಗೂ ಕೊಟ್ಟೆ. ಎರಡಕ್ಕೂ ಒಂದೇ ನಾದ ಕೊಟ್ಟಾಗ ಅದು ಬರೀ ಗಡಿಯಾರದ ಟಿಕ್‌ಟಿಕ್ ಆಗಿತ್ತು. ನಾದ ಬೇರೆಯಾದಾಗ ಮಾತ್ರ, ಬಟ್ಟೆಯಲ್ಲಿ ಮುಚ್ಚಿಹೋಗುವ ಆ ಹೋಗಿಬರುವಿಕೆ ಕಿವಿಗೆ ಬಿತ್ತು.

ಗೋಪುರದ ಲೆಕ್ಕ ಇನ್ನೂ ಸೊಗಸು. ಸೆರಗಿನ ಹತ್ತಿರ ಮೆಂತಿ ಎಂಬ ಅಡ್ಡಗುಣಿತದ ಹೊಲಿಗೆಯಲ್ಲಿ ಹಾಕಿದ್ದ ಪುಟ್ಟ ಗೋಪುರವೊಂದರ ತುದಿಯಲ್ಲಿ ಒಂದು ಹೊಲಿಗೆ, ಅದರ ಕೆಳಗೆ ಮೂರು, ಆಮೇಲೆ ಐದು, ಏಳು, ಹೀಗೆ ಎಂಟು ಸಾಲು. ಇಲ್ಲಿ ಒಂದು ಹೊಲಿಗೆಗೆ ಒಂದು ಮಾತ್ರೆ ಎಂದು ಹಿಡಿದು ಎಲ್ಲವನ್ನೂ ಕೂಡಿದರೆ 64. ಒಂದು ಅಕ್ಷರಕ್ಕೆ ನಾಲ್ಕು ಮಾತ್ರೆಯಂತೆ, ಎಂಟು ಅಕ್ಷರದ ಆದಿತಾಳದ ಒಂದು ಆವರ್ತನ, ಅಂದರೆ ಒಂದು ಸುತ್ತು, 32 ಮಾತ್ರೆ, ಅಂದರೆ ಗೋಪುರ ಸರಿಯಾಗಿ ಎರಡು ಆವರ್ತನಕ್ಕೆ ಮುಗಿದು, ತಾಳ ಶುರುವಾಗುವ ಸಮಕ್ಕೆ ಬಂದು ಕೂರುತ್ತದೆ. ಏಳೇ ಸಾಲು ತೆಗೆದುಕೊಂಡರೆ 49, ಅದು ಏಳು ಮಾತ್ರೆಯ ಮಿಶ್ರಚಾಪು ತಾಳದ ಏಳು ಆವರ್ತನ. ಹೀಗೆ ಮೇಲಿನಿಂದ ಹಿಗ್ಗುತ್ತ ಬರುವುದನ್ನು ತಾಳಶಾಸ್ತ್ರ ಸ್ರೋತೋವಹ ಯತಿ ಎನ್ನುತ್ತದೆ, ಹೊಳೆ ಹರಿದಂತೆ. ಬುಡದಿಂದ ಕುಗ್ಗುತ್ತ ಹೋದರೆ ಗೋಪುಚ್ಛ, ಹಸುವಿನ ಬಾಲ. ಪ್ರಕೃತಿಯನ್ನು ಸಂಗೀತಕ್ಕೆ ತರುವ ಕೆಲಸ ಎಂದೋ ಆಗಿಹೋಗಿದೆ. ಸೂರ್ಯಕಾಂತಿಯ ಸುರುಳಿಗಳಲ್ಲಿ ಎಣಿಸುವ 34, 55ರ ಸರಣಿಯೂ (ಹಿಂದಿನ ಎರಡನ್ನು ಕೂಡಿದರೆ ಮುಂದಿನದು) ಹಾಗೆಯೇ: ಲಘು ಗುರುಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಎಣಿಸುತ್ತ ಜೈನ ವಿದ್ವಾಂಸ ಹೇಮಚಂದ್ರನು 12ನೆಯ ಶತಮಾನದಲ್ಲೇ ಅದನ್ನು ಹೇಳಿದ್ದಾನೆ. ನಾಲ್ಕು ಮಾತ್ರೆಗೆ ಐದು ಬಗೆ, ಐದಕ್ಕೆ ಎಂಟು, ಆರಕ್ಕೆ ಹದಿಮೂರು.

ಗೋಪುರ, ಗವಂತಿ ಎರಡನ್ನೂ ಸೇರಿಸಿ, ಕೊನೆಗೆ ಜೋರಾದ ಮುಕ್ತಾಯವೊಂದನ್ನು ಹಚ್ಚಿ ಅತ್ತೆಗೆ ಕೇಳಿಸಿದೆ. “ಹೋಗೂದೂ ಕೇಳಸ್ತು, ಬರೂದೂ ಕೇಳಸ್ತು. ಕಡೀಕ ಯಾಕ ಗಂಟ ಹಾಕಿದಿ?” ಎಂದರು. ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಹಾಕಿದರೆ ಹಿಂಬದಿ ಕೆಡುತ್ತದೆ. ಆ ಮುಕ್ತಾಯವನ್ನು ತೆಗೆದುಹಾಕಿ, ಕೊನೆಯ ‘ತಕದಿಮಿ’ಯನ್ನು ಮೊದಲನೆಯದರ ಪಕ್ಕಕ್ಕೆ ತಂದು ಬಿಟ್ಟಿದ್ದೇನೆ.