ಹೆಬ್ಬೆರಳ ಬುಡದ ಆಪರೇಷನ್ ಆದ ಮೇಲೆ ಮತ್ತೆ ಕಾಯಿ ತುರಿಯುವುದು ಯಾವಾಗ?

ಡಬ್ಬಿಯ ಮುಚ್ಚಳ ತಿರುಗಿಸುವಾಗ, ಬಟ್ಟೆ ಹಿಂಡುವಾಗ ಹೆಬ್ಬೆರಳ ಬುಡದಲ್ಲಿ ಚಳಕ್ಕೆಂದು ನೋವು. ಐವತ್ತು ದಾಟಿದ ಹೆಂಗಸರಲ್ಲಿ ಇದು ತೀರಾ ಸಾಮಾನ್ಯ. ಅಲ್ಲಿ ಟ್ರೆಪೀಜಿಯಂ ಎಂಬ ಪುಟ್ಟ ಮೂಳೆಯ ಮೇಲೆ ಹೆಬ್ಬೆರಳ ಮೂಳೆ, ಜೀನಿನ ಮೇಲೆ ಸವಾರ ಕೂತ ಹಾಗೆ ಕೂತಿರುತ್ತದೆ. ಬೆರಳ ತುದಿಯಲ್ಲಿ 1 ಕಿಲೋದಷ್ಟು ಒತ್ತಿ ಹಿಡಿದರೆ ಆ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ. ಕೀಲು ಸವೆದು, ಸ್ಪ್ಲಿಂಟ್ (ಹೆಬ್ಬೆರಳು ಅಲುಗದಂತೆ ಹಿಡಿಯುವ ಆಸರೆಪಟ್ಟಿ), ಮಾತ್ರೆ, ಇಂಜೆಕ್ಷನ್ ಯಾವುದಕ್ಕೂ ನೋವು ಜಗ್ಗದಿದ್ದಾಗ ಆ ಪುಟ್ಟ ಮೂಳೆಯನ್ನೇ ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ಕೆಲವು ಸರ್ಜನ್‌ಗಳು ಮುಂಗೈಯ ಸ್ನಾಯುರಜ್ಜೊಂದನ್ನು ಸುರುಳಿ ಸುತ್ತಿ ಇಡುತ್ತಾರೆ, ಕೆಲವರು ಹಾಗೇ ಬಿಡುತ್ತಾರೆ. ಹೇಗೇ ಮಾಡಿದರೂ ಆ ಜಾಗದಲ್ಲಿ ಹೊಸ ಅಂಗಾಂಶ ಬೆಳೆದು ಗಟ್ಟಿಯಾಗಬೇಕು. ಮುಂದಿನ ಪಥ್ಯವೆಲ್ಲ ಅದಕ್ಕಾಗಿಯೇ.

ಆಪರೇಷನ್‌ಗೆ ಮುಂಚೆಯೇ ಬಳೆ, ಉಂಗುರ ತೆಗೆದಿಡಿ. ಬಾವು ಬಂದ ಮೇಲೆ ಕತ್ತರಿಸಬೇಕಾಗುತ್ತದೆ. ಸಂಧಿವಾತಕ್ಕೆ ಸ್ಟೀರಾಯ್ಡ್ ಅಥವಾ ಬಯೋಲಾಜಿಕ್ ಔಷಧಿ ತೆಗೆದುಕೊಳ್ಳುವವರು ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಸ್ವಂತ ನಿರ್ಧಾರ ಇಲ್ಲಿ ಬೇಡ.

ತೋಳಿಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ ಅದು ಇಳಿಯುವ ಮುಂಚೆಯೇ ನೋವಿನ ಮಾತ್ರೆ ನುಂಗಿ. ನೋವು ಏರಿದ ಮೇಲೆ ಇಳಿಸುವುದು ಕಷ್ಟ. ಮೊದಲ ವಾರ ಕೈ ಎದೆಗಿಂತ ಮೇಲಿರಲಿ, ಮಲಗಿದಾಗ ಎರಡು ದಿಂಬಿನ ಮೇಲೆ. ಜೋಳಿಗೆ ಕಟ್ಟಿ ಸೊಂಟದ ಹತ್ತಿರ ಇಳಿಬಿಟ್ಟರೆ ಬಾವು ಬೆರಳಿಗೇ ಇಳಿಯುತ್ತದೆ. ಉಳಿದ ನಾಲ್ಕು ಬೆರಳುಗಳನ್ನು ಗಂಟೆಗೊಮ್ಮೆ ಹತ್ತು ಸಲ ಪೂರ್ತಿ ಮಡಿಸಿ, ಪೂರ್ತಿ ಬಿಡಿಸಿ. ಭುಜ, ಮೊಣಕೈಯನ್ನೂ ಆಡಿಸಿ. ಹೆದರಿ ಕೈಯನ್ನೇ ಅಲುಗಿಸದೆ ಕೂತವರಿಗೆ ಗುಣವಾಗುವ ಹೆಬ್ಬೆರಳಿಗಿಂತ ಪೆಡಸಾದ ಬೆರಳುಗಳೇ ದೊಡ್ಡ ತೊಂದರೆಯಾಗುತ್ತವೆ. ಬೆರಳು ನೀಲಿಗಟ್ಟಿದರೆ, ಮರಗಟ್ಟಿದರೆ, ಮಾತ್ರೆಗೂ ಬಗ್ಗದ ಬಿಗಿತ ಬಂದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ ಪಟ್ಟಿ ಸಡಿಲಿಸಿಕೊಳ್ಳಿ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ. ಆಮೇಲೂ, ಆಪರೇಷನ್ ಆದ ದಿನದಿಂದ 4ರಿಂದ 6 ವಾರದವರೆಗೆ ಪ್ಲಾಸ್ಟರ್ ಅಥವಾ ಸ್ಪ್ಲಿಂಟ್ ಇರುತ್ತದೆ. ಗಾಯಕ್ಕೆ ಅರಿಶಿನ ಹಚ್ಚಬೇಡಿ, ಉಳುಕು ತೆಗೆಯುವವರ ಕೈಗೆ ಕೊಡಲೇಬೇಡಿ. ಗಾಯ ಪೂರ್ತಿ ಒಣಗಿ ಹಕ್ಕಳೆ ಉದುರಿದ ಮೇಲೆ, ಸ್ವಲ್ಪ ಕೊಬ್ಬರಿ ಎಣ್ಣೆ ಹಾಕಿ ಕಲೆಯ ಮೇಲೆ ದಿನಕ್ಕೆ ಎರಡು ಮೂರು ಸಲ ಐದೈದು ನಿಮಿಷ ನೀವಿದರೆ ಚರ್ಮ ಕೆಳಗೆ ಅಂಟಿಕೊಳ್ಳುವುದಿಲ್ಲ. ಹೆಬ್ಬೆರಳ ಹಿಂಭಾಗ ಜುಮ್ಮೆನ್ನುವುದು, ಸೀರೆ ಸೆರಗು ತಾಗಿದರೂ ಉರಿಯುವುದು ಉಂಟು. ಕೊಯ್ತದ ಹತ್ತಿರವೇ ಚರ್ಮದ ನರವೊಂದು ಹಾದುಹೋಗುತ್ತದೆ. ಮೊದಲು ಹತ್ತಿ, ಆಮೇಲೆ ಟವೆಲ್, ಆಮೇಲೆ ಬಟ್ಟಲಲ್ಲಿ ರಾಗಿ, ಕೊನೆಗೆ ಅಕ್ಕಿ: ಹೀಗೆ ದಿನವೂ ಚರ್ಮಕ್ಕೆ ಸ್ಪರ್ಶದ ರೂಢಿ ಮಾಡಿಸಬೇಕು. ಕೈಯೆಲ್ಲ ಕೆಂಪಾಗಿ ಹೊಳೆಯುತ್ತ, ಬೆವರುತ್ತ, ನೋವು ದಿನೇದಿನೇ ಹೆಚ್ಚುತ್ತಿದ್ದರೆ ಅದು ಬೇರೆಯೇ ತೊಡಕು. ಕೂಡಲೇ ತೋರಿಸಿ.

ಸ್ಪ್ಲಿಂಟ್ ಬಿಚ್ಚಿದ ವಾರವೇ ಹೆಚ್ಚಿನವರು ಎಡವುವುದು. ನೋವಿಲ್ಲ ಎಂದು ಕೆಲಸಕ್ಕೆ ಇಳಿದುಬಿಡುತ್ತಾರೆ, ಒಳಗಿನ ಅಂಗಾಂಶ ಇನ್ನೂ ಎಳೆಯದು. ಮೊದಲು ಹೆಬ್ಬೆರಳನ್ನು ಅಂಗೈಯಿಂದ ಮೆಲ್ಲಗೆ ಹೊರಕ್ಕೆ ಚಾಚುವುದು. ನಂತರ ತೋರುಬೆರಳ ತುದಿ, ಮಧ್ಯದ ಬೆರಳ ತುದಿ ಮುಟ್ಟುವುದು. ಕಿರುಬೆರಳ ಬುಡದವರೆಗೆ ಎಳೆಯುವ ಅವಸರ ಬೇಡ, ಹೊಸ ಅಂಗಾಂಶ ಅಲ್ಲೇ ಹಿಗ್ಗುವುದು. ಮುಟ್ಟುವಾಗ ಎರಡು ಬೆರಳೂ ಸೇರಿ ಗುಂಡಗೆ ಸೊನ್ನೆಯಾಗಬೇಕು. ಹೆಬ್ಬೆರಳ ನಡುಗೆಣ್ಣು ಹಿಂದಕ್ಕೆ ಬಾಗಿದರೆ ಭಾರವೆಲ್ಲ ಬುಡಕ್ಕೇ ಹೋಗುತ್ತದೆ. ವ್ಯಾಯಾಮದ ನೋವು ಮರುದಿನ ಬೆಳಿಗ್ಗೆಯೂ ಉಳಿದಿದ್ದರೆ ಅತಿಯಾಯಿತೆಂದು ಅರ್ಥ, ಅರ್ಧಕ್ಕೆ ಇಳಿಸಿ.

ಬಲಗೈ ಆಪರೇಷನ್ ಆದವರಿಗೆ ಊಟವೇ ದೊಡ್ಡ ಪ್ರಶ್ನೆ. ಕಲಸುವುದು ನಾಲ್ಕು ಬೆರಳಿನ ಕೆಲಸ, ಆದರೆ ತುತ್ತನ್ನು ಬಾಯಿಗೆ ನೂಕುವುದು ಹೆಬ್ಬೆರಳು. ಸ್ಪ್ಲಿಂಟ್ ಇರುವಷ್ಟು ದಿನ ಎಡಗೈಯಲ್ಲಿ ಚಮಚ. ಬಿಚ್ಚಿದ ಮೇಲೆ ಮೊದಲು ಮೆತ್ತಗಿನ ಮೊಸರನ್ನ, ಚಪಾತಿ ಹರಿಯುವುದು ತಡವಾಗಿ. ಸುಮಾರು 3 ತಿಂಗಳಿಗೆ ಮೆತ್ತಗಿನ ಹಿಟ್ಟು ನಾದಬಹುದು, ಹೆಬ್ಬೆರಳಿಂದಲ್ಲ, ಅಂಗೈ ಬುಡದಿಂದ. ಮುದ್ದೆ ತಿರುವುವುದು, ತುರಿಮಣೆಗೆ ಕಾಯಿಯ ಹೋಳು ಒತ್ತಿ ತಿರುಗಿಸುವುದು, ಬಟ್ಟೆ ಹಿಂಡುವುದು, ಈ ಮೂರಕ್ಕೆ ತಿರುಚುವ ಬಲ ಬೇಕು. 4ರಿಂದ 6 ತಿಂಗಳು ಬೇರೆಯವರು ಮಾಡಲಿ. ಸ್ಕೂಟರ್ ಓಡಿಸುವ ಮುನ್ನ ನಿಂತ ಗಾಡಿಯಲ್ಲಿ ಬ್ರೇಕ್ ಜೋರಾಗಿ ಹಿಡಿದು ನೋಡಿ. ಅಳುಕಿದರೆ ಇನ್ನೂ ಹೊತ್ತಾಗಿಲ್ಲ, ನೋವಿಲ್ಲದಿದ್ದರೂ ಸರ್ಜನ್ ಒಪ್ಪಲಿ.

ಹಿಡಿತದ ಬಲ ವರ್ಷದವರೆಗೂ ಸುಧಾರಿಸುತ್ತಲೇ ಇರುತ್ತದೆ. ಹೆಬ್ಬೆರಳು ಒಂದಿಷ್ಟು ಗಿಡ್ಡವಾದಂತೆ ಕಂಡರೆ ಗಾಬರಿ ಬೇಡ, ಮೂಳೆ ಹೋದ ಜಾಗಕ್ಕೆ ಅದು ಸ್ವಲ್ಪ ಕುಸಿದಿರುತ್ತದೆ. ಇಷ್ಟು ದಿನ ಎರಡು ಕೈಯ ಕೆಲಸ ಹೊತ್ತ ಇನ್ನೊಂದು ಕೈಯನ್ನೂ ನೋಡಿಕೊಳ್ಳಿ. ಎಷ್ಟೋ ಜನರಿಗೆ ಅದೇ ಸವೆತ ಅಲ್ಲೂ ಶುರುವಾಗಿರುತ್ತದೆ. ಚಾಕು, ಸೌಟು, ಪೆನ್ನಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಬಿಗಿ ಮುಚ್ಚಳಕ್ಕೆ ರಬ್ಬರ್ ತುಂಡೊಂದನ್ನು ಅಡಿಗೆಮನೆಯ ಕೈಗೆಟುಕುವ ಜಾಗದಲ್ಲಿ ನೇತುಹಾಕಿ.