ಎಸೆನ್ ಮೇಳದ ಮೇಜಿನ ಮೇಲೆ ನೌಬಾದಿನ ಸುರಂಗ ಬಾವಿ

ನಮ್ಮಪ್ಪ ಬಳೆಗಾರರು. ಬೀದರಿನ ಹಳೆ ಊರಿನ ಓಣಿಯೊಂದರಲ್ಲಿ ಸಣ್ಣ ಅಂಗಡಿ. ವರ್ಷಕ್ಕೆ ನಾಲ್ಕೈದು ಜಾತ್ರೆಗಳಿಗೆ ಗಂಟು ಕಟ್ಟಿಕೊಂಡು ಹೋಗುತ್ತಿದ್ದರು. ಭಾಲ್ಕಿ ತಾಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆಯಲ್ಲಿ ಭಂಡಾರದ ಧೂಳಿನ ನಡುವೆ ನಾನೂ ಅವರ ಪಕ್ಕ ಕೂತು ಬಳೆ ಕಾಯ್ದಿದ್ದೇನೆ. ಹಾಗಾಗಿ, ಜರ್ಮನಿಯ ಆಟದ ಮೇಳದಲ್ಲಿ ಈ ಸಲ ನಾನೂ ಒಂದು ಮೇಜು ಹಾಕುತ್ತೇನೆ ಎಂದಾಗ ಅವರು ಕೇಳಿದ್ದು ವ್ಯಾಪಾರಸ್ಥನ ಪ್ರಶ್ನೆಯನ್ನೇ.

"ಗಿರಾಕಿ ಮುಂದ ಏನ್ ಇಡ್ತಿ?"

"ಸಾಫ್ಟ್‌ವೇರ್ ಅಪ್ಪಾ. ದೂರ ದೂರ ಇದ್ದೋರು ಕೂಡಿ ಆಟ ಆಡೋದು."

"ಅದು ಕೈಗಿ ಸಿಗ್ತದೇನು?"

ನಾನು ಸುಮ್ಮನಾದೆ. ಅವರೇ ಅಂದರು, "ಮೊದಲ ಕೈಗಿ ಬಳಿ ಏರ್ಸು ತಮ್ಮಾ. ಮಾತು ಆಮ್ಯಾಲ ಆಡು."

ಎಸೆನ್ ಪಶ್ಚಿಮ ಜರ್ಮನಿಯ ಹಳೆಯ ಕಲ್ಲಿದ್ದಲು–ಉಕ್ಕಿನ ಊರು. ನಾನಿರುವ ಡಾರ್ಟ್‌ಮುಂಡ್‌ಗೆ ಹತ್ತಿರ. ಅಲ್ಲಿ 1983ರಲ್ಲಿ ಶುರುವಾದ ಮೇಳದ ಹೆಸರು 'ಷ್ಪೀಲ್', ಅಂದರೆ ಆಟ. ಗುರುವಾರದಿಂದ ಭಾನುವಾರದವರೆಗೆ ನಾಲ್ಕು ದಿನ. 2024ರಲ್ಲಿ ಬಂದವರ ಲೆಕ್ಕ 2 ಲಕ್ಷ ದಾಟಿತ್ತು. ಮಕ್ಕಳು, ಮುದುಕರು, ಇಡೀ ಮನೆಮಂದಿ ಖಾಲಿ ಚೀಲ ಹಿಡಿದು ಬಂದು ತುಂಬಿಕೊಂಡು ಹೋಗುತ್ತಾರೆ. ಈ ಸಲ, ಅಂದರೆ 2025ರಲ್ಲಿ, ಅದು ಅಕ್ಟೋಬರ್ 23ಕ್ಕೆ ಶುರುವಾಯಿತು. ಊರಲ್ಲಿ ದೀಪಾವಳಿ ಆಗಷ್ಟೇ ಮುಗಿದಿತ್ತು. ಪಾಡ್ಯದ ದಿನ ಅವ್ವ ಅಂಗಳದಲ್ಲಿಟ್ಟ ಸಗಣಿ ಪಾಂಡವರ ಫೋಟೊ ಕಳಿಸಿದ್ದಳು. ಅದನ್ನು ನೋಡುತ್ತಲೇ ನಾನು ಪೋಸ್ಟರ್ ಸುತ್ತಿ ಚೀಲಕ್ಕೆ ಹಾಕಿದೆ.

ನಾನು ಮಾಡುವ ಕೆಲಸ ಊರಿನವರಿಗೆ ಹೇಳಲು ಪ್ರತಿ ಸಲ ದೊಡ್ಡಾಟದಿಂದಲೇ ಶುರುಮಾಡುತ್ತೇನೆ. ದೊಡ್ಡಾಟದಲ್ಲಿ ಸಾರಥಿ ಇರುತ್ತಾನಲ್ಲ, ಬಂದ ಪಾತ್ರವನ್ನು ನಿಲ್ಲಿಸಿ "ನೀ ಯಾರು, ಎಲ್ಲಿಂದ ಬಂದಿ" ಎಂದು ಕೇಳುವವ? ರೋಲ್‌ಪ್ಲೇಯಿಂಗ್ ಆಟದಲ್ಲೂ ಅಂಥವನೊಬ್ಬ ಇರುತ್ತಾನೆ. ಅವನಿಗೆ ಗೇಮ್ ಮಾಸ್ಟರ್ ಅನ್ನುತ್ತಾರೆ. ಮೇಜಿನ ಸುತ್ತ ಕೂತ ಮೂರು–ನಾಲ್ಕು ಜನ ಒಂದೊಂದು ಪಾತ್ರ ವಹಿಸುತ್ತಾರೆ. ಅವನು "ಮುಂದೆ ಮುರಿದ ಬಾಗಿಲು ಇದೆ, ಒಳಗೆ ಯಾರೋ ಕೆಮ್ಮಿದ ಸದ್ದು, ಏನು ಮಾಡ್ತೀರಿ?" ಅನ್ನುತ್ತಾನೆ. ಬರೆದಿಟ್ಟ ಮಾತಿಲ್ಲ. ನೀವು ಹೇಳಿದ್ದೇ ಕಥೆ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ತೀರ್ಮಾನಿಸುತ್ತದೆ. ಹೆಚ್ಚಾಗಿ ಇಪ್ಪತ್ತು ಮುಖದ ದಾಳ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇಂಥ ಮೊದಲ ಆಟ 'ಡಂಜನ್ಸ್ ಅಂಡ್ ಡ್ರಾಗನ್ಸ್' ಹೊರತಂದದ್ದು 1974ರಲ್ಲಿ. ಹತ್ತು ವರ್ಷದ ನಂತರ ಜರ್ಮನರಿಗೆ ತಮ್ಮದೇ ಒಂದು ಬಂತು, 'ಡಾಸ್ ಶ್ವಾರ್ಟ್ಸೆ ಆಉಗೆ'. ಇಲ್ಲಿನವರು ಈ ಇಡೀ ಬಗೆಗೆ 'ಪೆನ್ ಅಂಡ್ ಪೇಪರ್' ಎಂದೇ ಕರೆಯುತ್ತಾರೆ.

ಮೇಜು ಒಂದೇ ಕಡೆ ಇದ್ದು ಆಡುವವರು ಚದುರಿ ಹೋದಾಗ ಬೇಕಾಗುವುದು ವರ್ಚುವಲ್ ಟೇಬಲ್‌ಟಾಪ್. ನಕ್ಷೆ, ದಾಳ, ನಕ್ಷೆಯ ಮೇಲೆ ಪಾತ್ರದ ಬದಲು ನಡೆಸುವ ಕಾಯಿ ಅಂದರೆ ಟೋಕನ್, ಪಾತ್ರದ ಚೀಟಿ, ಎಲ್ಲವೂ ಎಲ್ಲರ ಪರದೆಯ ಮೇಲೆ ಒಟ್ಟಿಗೆ. 2004ರಲ್ಲಿ ಫ್ಯಾಂಟಸಿ ಗ್ರೌಂಡ್ಸ್, 2012ರಲ್ಲಿ ರೋಲ್20, 2020ರಲ್ಲಿ ಫೌಂಡ್ರಿ ಬಂದವು. ಅವು ದೊಡ್ಡ ಕೆಲಸಗಳು. ಅವುಗಳಿಂದಲೇ ನಾನು ಕಲಿತದ್ದು. ನನ್ನಂಥ ಒಂಟಿ ಡೆವಲಪರ್‌ಗೆ ಬಾಗಿಲು ತೆರೆದದ್ದು 2023ರ ಜನವರಿ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂಲ ನಿಯಮಗಳ ದಾಖಲೆಯನ್ನು ಆಗ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ಮೂಲ ಯಾರದೆಂದು ಹೇಳಿದರೆ ಸಾಕು, ಯಾರು ಬೇಕಾದರೂ ಬಳಸಬಹುದು. ಆ ವಾರವೇ ನಾನು ಕೋಡ್ ಬರೆಯಲು ಕೂತೆ.

ಬರೆದದ್ದು ಅಕ್ಕನಿಗಾಗಿ. ಆಕೆ ಭಾಲ್ಕಿ ಹತ್ತಿರದ ಹಳ್ಳಿಯಲ್ಲಿ ಶಾಲೆ ಟೀಚರ್. ಚಿಕ್ಕಂದಿನಲ್ಲಿ ನಮಗೆಲ್ಲ ಕಥೆ ಕಟ್ಟಿ ಹೇಳುತ್ತಿದ್ದವಳು ಅವಳೇ. ನನ್ನ ಹಳೆಯ ಗೆಳೆಯ ಬೀದರಿನಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೂವರೂ ಐತ್ವಾರ ಸಂಜೆ ಆಡಲು ಕೂತರೆ ಅರ್ಧ ತಾಸು ನಕ್ಷೆ ಬರುವುದನ್ನು ಕಾಯುವುದರಲ್ಲೇ ಹೋಗುತ್ತಿತ್ತು. ಹಳ್ಳಿಯಲ್ಲಿ ಕರೆಂಟ್ ಹೋಯಿತೆಂದರೆ ನೆಟ್ಟೂ ಹೋಯಿತು. "ತಮ್ಮಾ, ಗುಂಡಾಲಿ ತಿರಗಲತ್ತದ, ನೀವ್ ಆಡ್ರಿ" ಎಂದು ಅಕ್ಕ ಫೋನ್ ಇಟ್ಟುಬಿಡುತ್ತಿದ್ದಳು. ಪರದೆಯ ಮೇಲೆ ತಿರುಗುವ ಆ ವೃತ್ತಕ್ಕೆ ಅವಳಿಟ್ಟ ಹೆಸರು ಗುಂಡಾಲಿ.

ಆ ಗುಂಡಾಲಿಯನ್ನು ತೆಗೆಯಬೇಕೆಂಬುದೊಂದೇ ನನ್ನ ಹಟ. ನಕ್ಷೆಯನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ಆಟಕ್ಕೆ ಮೊದಲೇ, ರಾತ್ರಿ ನೆಟ್ ಚೆನ್ನಾಗಿರುವಾಗ ಫೋನಿಗೆ ಇಳಿಸಿಬಿಡುತ್ತೇನೆ. ಆಟದ ಹೊತ್ತಿಗೆ ತಂತಿಯ ಮೇಲೆ ಓಡುವುದು ಬರೀ ಅಂಕಿಗಳು: ಯಾವ ಟೋಕನ್, ಎಲ್ಲಿಂದ ಎಲ್ಲಿಗೆ, ದಾಳ ಎಷ್ಟು ಬಿತ್ತು. ಒಂದು ನಡೆಗೆ ಕೆಲವೇ ಹತ್ತು ಬೈಟ್. ಅಪ್ಪನ ಅಂಗಡಿಯ ಉದ್ರಿ ವಹಿಯ ಹಾಗೆ ಪ್ರತಿ ನಡೆಯೂ ಒಂದು ಸಾಲು. ಆ ವಹಿಯ ಪ್ರತಿ ಎಲ್ಲರ ಫೋನಿನಲ್ಲೂ ಇರುತ್ತದೆ. ಯಾರದಾದರೂ ನೆಟ್ ಹೋದರೆ ಅವರು ತಮ್ಮ ವಹಿಯಲ್ಲಿ ಬರೆಯುತ್ತ ಹೋಗುತ್ತಾರೆ, ನೆಟ್ ಬಂದಾಗ ಇಬ್ಬರ ವಹಿಯಲ್ಲೂ ಬಿಟ್ಟುಹೋದ ಸಾಲುಗಳು ಸೇರಿಕೊಳ್ಳುತ್ತವೆ. ಇದರಲ್ಲಿ ಒಂದು ಕೊರತೆ ಇದೆ. ದಾಳ ಆಡುವವರ ಫೋನಿನಲ್ಲೇ ಉರುಳುವುದರಿಂದ ಮೋಸ ಮಾಡಬೇಕೆಂದವರು ಮಾಡಬಹುದು. ತಿಂಗಳುಗಟ್ಟಲೆ ಯೋಚಿಸಿ ಅದನ್ನು ಹಾಗೇ ಬಿಟ್ಟೆ. ಅಕ್ಕನ ದಾಳವನ್ನು ನಂಬದೆ ಅವಳ ಜತೆ ಕಥೆ ಕಟ್ಟುವುದು ನನ್ನಿಂದಾಗದು.

ಕನ್ನಡ ಅಕ್ಷರ ಇನ್ನೊಂದು ಕಥೆ. ಟೋಕನ್ ಕೆಳಗೆ ಪಾತ್ರದ ಹೆಸರು ಬೇಕು. ವೇಗಕ್ಕೆಂದು ಒಂದೊಂದು ಅಕ್ಷರದ ಚಿತ್ರ ಮೊದಲೇ ಮಾಡಿಟ್ಟು ಜೋಡಿಸುತ್ತಿದ್ದೆ. ಇಂಗ್ಲಿಷಿಗೆ ಅದು ಸರಿ. ಅಕ್ಕ 'ವೀರಭದ್ರಿ' ಎಂದು ಹೆಸರಿಟ್ಟಾಗ ದ ಒಂದು ಕಡೆ, ಕೆಳಗಿನ ರ ಒಂದು ಕಡೆ, ಗುಡಿಸು ಇನ್ನೊಂದು ಕಡೆ ನಿಂತವು. ನಮ್ಮಲ್ಲಿ ಅಕ್ಷರ ಒಂಟಿಯಾಗಿ ನಿಲ್ಲುವುದಿಲ್ಲ, ಪಕ್ಕದ್ದನ್ನು ನೋಡಿ ಆಕಾರ ಬದಲಿಸುತ್ತದೆ. ಕೊನೆಗೆ ಇಡೀ ಹೆಸರನ್ನು ಬ್ರೌಸರ್‌ನಿಂದಲೇ ಬರೆಸಿ, ಅದನ್ನು ಒಂದೇ ಚಿತ್ರವಾಗಿ ಅಂಟಿಸಿದೆ. ವೀರಭದ್ರಿ ನೆಟ್ಟಗೆ ನಿಂತಳು.

ಮೇಳದಲ್ಲಿ ತೋರಿಸಲು ಯಾವ ನಕ್ಷೆ? ಇಂಥ ಆಟಗಳಲ್ಲಿ ನೆಲಮಾಳಿಗೆ, ಸುರಂಗ ಎಂದರೆ ಜೀವ. ನಮ್ಮೂರ ಕೆಳಗೇ ಒಂದು ಇದೆಯಲ್ಲ! ನೌಬಾದಿನ ಕರೇಜ್, ಜನರ ಬಾಯಲ್ಲಿ ಸುರಂಗ ಬಾವಿ. ಬಹಮನಿ ಅರಸರ ಕಾಲದಲ್ಲಿ, 15ನೇ ಶತಮಾನದಲ್ಲಿ, ಪರ್ಷಿಯಾದ ವಿದ್ಯೆಯಿಂದ ಜಂಬಿಟ್ಟಿಗೆ ಕಲ್ಲಿನಲ್ಲಿ ಕೊರೆದ ನೀರಿನ ಹಾದಿ. ಸುಮಾರು 3 ಕಿಲೋಮೀಟರ್ ಉದ್ದ, ಮೇಲಿನಿಂದ ಇಳಿದ 21 ಗಾಳಿಬಾವಿಗಳು. ಸಣ್ಣ ಇಳಿಜಾರು ಬಿಟ್ಟು ನೀರನ್ನು ತಾನೇ ಹರಿಯುವಂತೆ ಮಾಡಿದ್ದಾರೆ, ಎತ್ತುವ ಕೆಲಸವೇ ಇಲ್ಲ. ಹೋದ ಸಲ ಊರಿಗೆ ಬಂದಾಗ ಗಾಳಿಬಾವಿಯೊಂದರ ಬಾಯಿಗೆ ಬಗ್ಗಿ ನೋಡಿದ್ದೆ. ಕೆಳಗೆ ಒಂದು ತಟ್ಟೆಯಷ್ಟು ಬೆಳಕು ನೀರಿನ ಮೇಲೆ ಅಲುಗುತ್ತಿತ್ತು. ಅದರಾಚೆ ಎರಡೂ ಕಡೆ ಗಾಢ ಕತ್ತಲೆ.

ಆ ತಟ್ಟೆ ಬೆಳಕನ್ನು ಪರದೆಗೆ ತರಲು ಎರಡು ತಿಂಗಳು ಹಿಡಿಯಿತು. ಟೋಕನ್ ನಿಂತ ಬಿಂದುವಿನಿಂದ ಪ್ರತಿ ಗೋಡೆಯ ತುದಿಗೂ ಗೆರೆ ಎಳೆಯಬೇಕು. ನಡುವೆ ಇನ್ನೊಂದು ಗೋಡೆ ಅಡ್ಡ ಬಂದರೆ ಗೆರೆ ಅಲ್ಲೇ ನಿಲ್ಲಬೇಕು. ನಿಂತ ತುದಿಗಳನ್ನೆಲ್ಲ ಸುತ್ತಿನ ಕ್ರಮದಲ್ಲಿ ಕೂಡಿಸಿದರೆ ಬರುವ ಆಕಾರವೇ ಆ ಪಾತ್ರದ ಕಣ್ಣಿಗೆ ಕಾಣುವ ಜಾಗ. ಉಳಿದದ್ದು ಕಪ್ಪು. ಅದರ ಮೇಲೆ ಗಾಳಿಬಾವಿಯಿಂದ ಬಿದ್ದ ದುಂಡು ಬೆಳಕು ಮಾತ್ರ ದೂರದಿಂದಲೂ ಕಾಣುತ್ತದೆ. ಸುರಂಗದಲ್ಲಿ ನಡೆಯುವವನಿಗೆ ಮುಂದಿನ ಬೆಳಕಿನ ಬೊಟ್ಟೇ ಗುರಿ.

ಗುರುವಾರ ಯಾರೂ ಕೂರಲಿಲ್ಲ. ನಿಂತವರಿಗೆ ವಹಿಯ ಸಾಲು, ಚೌಕ, ಬೈಟು ಎಲ್ಲ ವಿವರಿಸಿದೆ. ತಲೆ ಅಲ್ಲಾಡಿಸಿ, ಕಾಗದ ತೆಗೆದುಕೊಂಡು ಮುಂದೆ ಹೋದರು. ರಾತ್ರಿ ಗಂಟಲು ಕಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಅಪ್ಪನ ಮಾತು ನೆನಪಾಗಿ ಪೋಸ್ಟರ್ ಮಡಚಿಟ್ಟೆ. ಮೇಜಿನ ಮೇಲೆ ಬಿದರಿ ಡಬ್ಬಿಯೊಂದನ್ನು ಇಟ್ಟು ಅದರಲ್ಲಿ ಇಪ್ಪತ್ತು ಮುಖದ ದಾಳ ಹಾಕಿದೆ. ಪಕ್ಕದಲ್ಲಿ ಕತ್ತಲೆ ಪರದೆ, ಒಂದೇ ಒಂದು ಟೋಕನ್. ಹಾದುಹೋಗುತ್ತಿದ್ದ ಹುಡುಗನ ಕೈಗೆ ಡಬ್ಬಿ ಕೊಟ್ಟು "ಉರುಳಿಸು" ಎಂದೆ. ಹದಿನೇಳು ಬಿತ್ತು. "ನಿನ್ನ ದೀಪ ಹತ್ತಿತು" ಎಂದೆ. ಪರದೆಯ ಮೇಲೆ ಕಲ್ಲಿನ ಗೋಡೆ ಕಾಣಿಸಿಕೊಂಡಿತು. ಅವನು ಕುರ್ಚಿ ಎಳೆದುಕೊಂಡ. ಅವರಮ್ಮ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಇಷ್ಟು ಕಪ್ಪು ಹೇಗೆ ಬಂತು ಎಂದು ಕೇಳಿದಳು. ಸತು–ತಾಮ್ರದ ಎರಕ, ಅದರಲ್ಲಿ ಕೂರಿಸಿದ ಬೆಳ್ಳಿ, ಕಪ್ಪಾಗಿಸಲು ನವಸಾಗರದ ಜತೆ ನಮ್ಮ ಕೋಟೆಯ ಮಣ್ಣು. ಆ ಮಣ್ಣು ಎರಕವನ್ನು ಕಪ್ಪಾಗಿಸುತ್ತದೆ, ಬೆಳ್ಳಿಯನ್ನು ಮುಟ್ಟುವುದಿಲ್ಲ ಎಂದು ಹೇಳಿದೆ. ಆವತ್ತು ಸಂಜೆಯವರೆಗೆ ನನ್ನ ಕುರ್ಚಿಗಳು ಖಾಲಿ ಆಗಲಿಲ್ಲ.

ಶನಿವಾರ ಎಲ್ಲಕ್ಕಿಂತ ಹೆಚ್ಚು ಜನ. ಸಾವಿರಾರು ಫೋನುಗಳು ಒಂದೇ ಸೂರಿನಡಿ ಒಂದೇ ಗಾಳಿಯನ್ನು ಹಂಚಿಕೊಂಡಾಗ ಯಾವ ಹಾಟ್‌ಸ್ಪಾಟ್ ತಾನೇ ಏನು ಮಾಡೀತು. ಮಧ್ಯಾಹ್ನ ನಾನು ತಂದಿದ್ದ ಹಾಟ್‌ಸ್ಪಾಟ್ ಕೂಡ ಕೈಕೊಟ್ಟಿತು. ಮೇಜಿನಲ್ಲಿ ನಾಲ್ಕು ಜನ, ಐದನೆಯವನು ಬೀದರಿನ ಅಂಗಡಿಯಲ್ಲಿ ಕೂತ ನನ್ನ ಗೆಳೆಯ. ಸುರಂಗದ ನಡುವೆ, ನೀರು ಏರುತ್ತಿದೆ, ಅವನ ಟೋಕನ್ ಮಾತ್ರ ನಿಂತಲ್ಲೇ ನಿಂತಿತು. ನಾಲ್ವರ ಫೋನುಗಳು ಮೇಜಿನ ಮೇಲಿನ ಸಣ್ಣ ರೂಟರ್‌ಗೆ, ರೂಟರ್ ನನ್ನ ಲ್ಯಾಪ್‌ಟಾಪ್‌ಗೆ ಕೂಡಿದ್ದವು. ಅದಕ್ಕೆ ಹೊರಗಿನ ನೆಟ್ ಬೇಕಿರಲಿಲ್ಲ. ಆಟ ನಡೆದೇ ಇತ್ತು. ಏಳು ನಿಮಿಷದ ಮೇಲೆ ಎಲ್ಲಿಂದಲೋ ಒಂದೆಳೆ ಸಿಗ್ನಲ್ ಬಂತು. ಗೆಳೆಯನ ವಹಿ ಬಂದು ಸೇರಿತು. ಅಲ್ಲಿ ಅವನು ಸುಮ್ಮನೆ ಕೂತಿರಲಿಲ್ಲ. ಹಗ್ಗ ಬಿಚ್ಚಿ, ಗಾಳಿಬಾವಿಯ ಗೋಡೆಗೆ ಗೂಟ ಹೊಡೆದು, ದಾಳದಲ್ಲಿ ಹದಿನೆಂಟು ಬೀಳಿಸಿ, ಮೇಲೆ ಹತ್ತಿ ಹಗ್ಗ ಇಳಿಬಿಟ್ಟಿದ್ದ. ನಾಲ್ವರ ಪರದೆಯ ಮೇಲೂ ಬೆಳಕಿನ ತಟ್ಟೆಯ ನಡುವೆ ಒಮ್ಮೆಲೇ ಹಗ್ಗ ಕಾಣಿಸಿತು. ಮೇಜಿನಿಂದ ಎದ್ದ ಕೂಗಿಗೆ ಆಚೀಚೆಯವರು ತಿರುಗಿ ನೋಡಿದರು.

ಪಕ್ಕದ ಮೇಜಿನ ಡೆವಲಪರ್ ಬಂದು ನಿಂತ. ಆವತ್ತು ಅವನ ಡೆಮೊ ಎರಡು ತಾಸಿನಿಂದ ನಿಂತಿತ್ತು. "ಇಷ್ಟು ಜನರ ನಡುವೆಯೂ ಓಡಬೇಕೆಂದು ಮೊದಲೇ ಪರೀಕ್ಷೆ ಮಾಡಿದ್ದೆಯಾ?" ಎಂದ. ಇಲ್ಲ, ನಮ್ಮಕ್ಕನ ಹಳ್ಳಿಯಲ್ಲಿ ಕರೆಂಟ್ ಹೋದರೂ ಓಡಬೇಕೆಂದು ಬರೆದೆ ಎಂದೆ. ಅವನು ಕೂತು ವಹಿಯ ಲೆಕ್ಕವನ್ನು ಪೂರ್ತಿ ಕೇಳಿಸಿಕೊಂಡ. ಗುರುವಾರ ನಿಂತವರಿಗೆಲ್ಲ ಹೇಳಿ ಗಂಟಲು ಕಟ್ಟಿಸಿಕೊಂಡ ಅದೇ ಲೆಕ್ಕ.

ಭಾನುವಾರದ ತಪ್ಪು ಮಾತ್ರ ಪೂರಾ ನನ್ನದು. ಹನ್ನೊಂದಕ್ಕೆ ಅಕ್ಕನ ಜತೆ ಆಟ. ಊರಲ್ಲಿ ಎರಡೂವರೆ ಎಂದು ತಿಳಿಸಿದ್ದೆ. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಈ ವರ್ಷ ಅದು 26ಕ್ಕೇ ಬಿತ್ತು. ಊರಿಗೂ ಇಲ್ಲಿಗೂ ಮೂರೂವರೆ ತಾಸಿದ್ದ ಅಂತರ ರಾತ್ರಿ ಬೆಳಗಾಗುವುದರಲ್ಲಿ ನಾಲ್ಕೂವರೆ. ತಂತ್ರಾಂಶದಲ್ಲಿ ಊರಿನ ಸಮಯ ವಲಯದ ಹೆಸರು ಇಡಬೇಕಿತ್ತು. ನಾನು ಅಂತರದ ಅಂಕಿ ಇಟ್ಟಿದ್ದೆ. ಹತ್ತಕ್ಕೆ ಅಕ್ಕನ ಫೋನ್.

"ತಮ್ಮಾ, ಎರಡೂವರಿ ಆಯ್ತು. ನಾ ಶಾಲಿ ಪೋರಗೋಳ್ನ ಕುಂದ್ರಿಸ್ಕೊಂಡೀನಿ. ಎಲ್ಲಿ ನಿನ್ ಸುರಂಗ?"

ರಜೆಯೆಂದು ಓಣಿಯ ಆರು ಮಕ್ಕಳು ಅವಳ ಮನೆಗೆ ಬಂದಿದ್ದರು. ಒಂದು ತಾಸು ಕಾಯುವ ಹಾಗಿರಲಿಲ್ಲ. ಇಲ್ಲಿ ಆಗಷ್ಟೇ ಬಾಗಿಲು ತೆರೆದಿತ್ತು, ಮೇಜಿನಲ್ಲಿ ಯಾರೂ ಇರಲಿಲ್ಲ. ಶುಕ್ರವಾರದ ಆ ಹುಡುಗ ಅಮ್ಮನ ಕೈ ಎಳೆಯುತ್ತ ಮೊದಲಿಗನಾಗಿ ಬಂದ. ಅವನನ್ನೇ ಕೂರಿಸಿದೆ. ಅಕ್ಕ ಅವನೊಡನೆ ಇಂಗ್ಲಿಷ್, ಮಕ್ಕಳೊಡನೆ ನಮ್ಮ ಮಾತು, ಎರಡನ್ನೂ ಒಟ್ಟೊಟ್ಟಿಗೆ ಆಡುತ್ತ ಕಥೆ ನಡೆಸಿದಳು. ಸಾರಥಿಯ ಜಾಗವನ್ನು ನಾನು ಅವಳಿಗೆ ಬಿಟ್ಟುಕೊಟ್ಟೆ. ಹುಡುಗನ ಟೋಕನ್ ಕತ್ತಲೆಯಲ್ಲಿ ನಿಂತಾಗ ಆರೂ ಮಕ್ಕಳು ಒಟ್ಟಿಗೆ ಕೂಗಿದರು, "ಬಲಕ್ಕ ಹೋಗು! ಬಲಕ್ಕ! ಬೆಳಕ್ ಅದ!" ಅವನಿಗೆ ಒಂದು ಪದವೂ ತಿಳಿಯಲಿಲ್ಲ. ಟೋಕನನ್ನು ಬಲಕ್ಕೇ ಎಳೆದ.

ಆಟ ಮುಗಿದ ಮೇಲೆ ಅವರಮ್ಮ ಈ ಸುರಂಗ ನಿಜವಾಗಿಯೂ ಇದೆಯೇ ಎಂದು ಕೇಳಿದಳು. ಫೋನಿನಲ್ಲಿದ್ದ ಫೋಟೊ ತೋರಿಸಿದೆ. ನೀರಿದೆಯಾ ಎಂದಳು. ಇದೆ ಎಂದೆ.

ಸೋಮವಾರ ಸಮಯ ವಲಯದ ತಪ್ಪನ್ನು ತಿದ್ದಿ ಹೊಸ ಆವೃತ್ತಿ ಬಿಟ್ಟೆ. ಸಂಜೆ ಅಕ್ಕನ ಮೆಸೇಜ್ ಬಂತು: "ಪೋರಗೋಳು ಕೇಳಲತ್ತಾವ, ಮುಂದಿನ ಐತ್ವಾರ ಎಷ್ಟಕ್ಕ? ಗಡಿಯಾರ ನೋಡಿ ಹೇಳು."