ಲಡಾಖಿನಲ್ಲಿ ಬಚಾವಾದ ಲೆನ್ಸ್ ಹಾನಗಲ್ಲಿನಲ್ಲಿ ಕೆಟ್ಟಿತು

ಹುಬ್ಬಳ್ಳಿಯಲ್ಲಿ ಫೋಟೋ ಕೆಲಸಕ್ಕೆ ಇಳಿದು ನನಗೆ ಹದಿನಾಲ್ಕು ವರ್ಷ ಆಯಿತು. ಮೊದಲು ಬರೀ ಮದುವೆ, ಮುಂಜಿ, ತೊಟ್ಟಿಲು. ಆಮೇಲೆ ನಿಧಾನಕ್ಕೆ ಹೊರಗಿನ ಕೆಲಸ ಜಾಸ್ತಿ ಆಯಿತು. ಗುಡಿ, ಕೆರೆ, ಜಾತ್ರೆ, ಸಂತೆ, ಪ್ರವಾಸದ ತಂಡಗಳ ಜೊತೆ ತಿರುಗಾಟ. ಕಲ್ಯಾಣ ಮಂಟಪದಲ್ಲಿ ಲೈಟು ನಾವು ಹಚ್ಚಿದ ಹಾಗೆ ಇರುತ್ತದೆ. ಹೊರಗೆ ನಮ್ಮ ಮಾತು ಯಾರು ಕೇಳಬೇಕು?

ಈ ಬರಹ ಒಂದು ಕ್ಯಾಲೆಂಡರ್ ಕೆಲಸದ ಬಗ್ಗೆ. ಒಂದು ಸಹಕಾರಿ ಸೊಸೈಟಿಯವರು ಕೊಟ್ಟಿದ್ದು. ಧಾರವಾಡ, ಗದಗ, ಹಾವೇರಿ ಮೂರೂ ಜಿಲ್ಲೆಯಿಂದ ಹನ್ನೆರಡು ಜಾಗ, ತಿಂಗಳಿಗೊಂದು ಚಿತ್ರ. ಆಯಾ ತಿಂಗಳ ಹವೆ ಆಯಾ ಚಿತ್ರದಲ್ಲಿ ಕಾಣಬೇಕು ಅನ್ನುವುದು ಅವರ ಷರತ್ತು. ನಾನು ಖುಷಿಯಿಂದ ಒಪ್ಪಿಕೊಂಡೆ. ಅದಕ್ಕೂ ಐದು ತಿಂಗಳ ಹಿಂದೆ ಲಡಾಖಿಗೆ ಹೋಗಿ ಬಂದಿದ್ದೆ. ಅಂಥ ಚಳಿಯಲ್ಲೇ ಕೆಲಸ ಮಾಡಿ ಬಂದವನಿಗೆ ನಮ್ಮ ಊರಿನ ಮಳೆ ಏನು ಮಹಾ ಅನ್ನೋ ಧೈರ್ಯ ಬೇರೆ.

ಲಡಾಖಿನದು ಮೊದಲು ಹೇಳಿಬಿಡುತ್ತೇನೆ. ಒಂದು ಪ್ರವಾಸದ ತಂಡದ ಜೊತೆ ಫೋಟೋಗ್ರಾಫರ್ ಆಗಿ ಫೆಬ್ರವರಿಯಲ್ಲಿ ಹೋಗಿದ್ದೆ. ಲೇಹ್ ಇರುವುದೇ ಸುಮಾರು 3,500 ಮೀಟರ್ ಎತ್ತರದಲ್ಲಿ. ರಾತ್ರಿ ಸೊನ್ನೆಗಿಂತ ಎಷ್ಟೋ ಕೆಳಗೆ. ಕ್ಯಾಮೆರಾ ಕಂಪನಿಗಳು ಪುಸ್ತಕದಲ್ಲಿ ಸಾಮಾನ್ಯವಾಗಿ 0ಯಿಂದ 40 ಡಿಗ್ರಿ ಅಂತ ಬರೆದಿರುತ್ತವೆ. ಅದರ ಕೆಳಗೆ ಕ್ಯಾಮೆರಾ ಕೂಡಲೇ ಸಾಯುವುದಿಲ್ಲ, ಬ್ಯಾಟರಿ ಮಾತ್ರ ಸೋಲುತ್ತದೆ. ಚಳಿಗೆ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ಮಂದವಾಗುತ್ತದೆ. ಚಾರ್ಜ್ ಇದ್ದರೂ ಕೊಡುವುದಿಲ್ಲ. ನಮ್ಮಲ್ಲಿ ಇಡೀ ದಿನ ಬರುವ ಬ್ಯಾಟರಿ ಅಲ್ಲಿ ಒಂದು ತಾಸಿಗೆ ಕೆಂಪು ತೋರಿಸಿತು. ತೆಗೆದು ಒಳ ಅಂಗಿಯ ಜೇಬಿಗೆ ಹಾಕಿಕೊಂಡೆ. ಅರ್ಧ ತಾಸು ಬಿಟ್ಟು ಹಾಕಿದರೆ ಮತ್ತೆ ಜೀವ ಬಂತು. ಮೂರು ಬ್ಯಾಟರಿಗಳನ್ನು ಹೀಗೆ ಮೈಶಾಖದಲ್ಲಿ ಸರದಿ ಹಾಕಿ ದಿನ ದೂಡಿದೆ.

ಅಲ್ಲಿಯ ಗೈಡ್ ಒಂದೇ ಒಂದು ಮಾತನ್ನು ದಿನಾ ಹೇಳುತ್ತಿದ್ದ. ಹೊರಗಿನಿಂದ ಬಂದವರು ಕ್ಯಾಮೆರಾ ಹಿಡಿದುಕೊಂಡು ಸೀದಾ ಬುಖಾರಿ ಒಲೆ ಹಚ್ಚಿದ ಕೋಣೆಗೆ ಹೋಗಬೇಡಿ. ಹೊರಗಿದ್ದಾಗಲೇ ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ. ಒಳಗೆ ಹೋದ ಮೇಲೆ ಎರಡು ತಾಸು ಮುಟ್ಟಬೇಡಿ. ನಾನು ಚಾಚೂ ತಪ್ಪದೆ ಹಾಗೇ ಮಾಡಿದೆ. ಚೀಲದ ಹೊರಮೈ ಮೇಲೆ ಹನಿ ಹನಿ ನೀರು ಕೂತಿರುತ್ತಿತ್ತು, ಒಳಗೆ ಕ್ಯಾಮೆರಾ ಒಣಕಲು. ಹತ್ತು ದಿನದಲ್ಲಿ ಒಂದು ಹನಿ ಒಳಗೆ ಹೋಗಲಿಲ್ಲ.

ಇನ್ನು ಹಾನಗಲ್ಲಿಗೆ ಬರೋಣ.

ಜುಲೈ ತಿಂಗಳಿಗೆ ಹಾನಗಲ್ಲಿನ ತಾರಕೇಶ್ವರ ಗುಡಿ ಅಂತ ಗೊತ್ತು ಮಾಡಿದ್ದೆವು. ವಾರದಿಂದ ಮಳೆ ಬಿಟ್ಟಿರಲಿಲ್ಲ. ನಸುಕಿನಲ್ಲಿ ನಾಲ್ಕಕ್ಕೇ ಹುಬ್ಬಳ್ಳಿ ಬಿಟ್ಟೆವು. ಕಾರು ಓಡಿಸಲು ನಮ್ಮ ಓಣಿಯ ಕಾಕಾ. ಹಿಂದಿನ ಸೀಟಿನಲ್ಲಿ ನನ್ನ ಅಸಿಸ್ಟಂಟ್ ಹುಡುಗ, ಅವನ ಪಕ್ಕ ಕ್ಯಾಮೆರಾ ಬ್ಯಾಗು. ಕಾಜಿಗೆ ಮಂಜು ಹಿಡಿಯುತ್ತದೆ ಅಂತ ಕಾಕಾ ದಾರಿಯುದ್ದಕ್ಕೂ ಎಸಿ ಜೋರಾಗಿ ಹಾಕಿದ್ದರು. ಆ ಗಾಳಿ ನೇರವಾಗಿ ಬ್ಯಾಗಿನ ಮೇಲೆ. ಶಿಗ್ಗಾವಿ, ಬಂಕಾಪುರ ದಾಟಿ ಹಾನಗಲ್ ಮುಟ್ಟಿದಾಗ ಮಳೆ ನಿಂತಿತ್ತು. ನಾವು ಗುಡಿಯ ಅಂಗಳಕ್ಕೆ ಹೋದ ಸ್ವಲ್ಪ ಹೊತ್ತಿಗೆ ಮೂಡಣದಲ್ಲಿ ಮೋಡ ಒಂದು ಗೇಣು ಸರಿದು ಬಿಸಿಲು ಬಿತ್ತು. ತೊಯ್ದ ಕಲ್ಲಿನ ಮೇಲೆ ಎಳೆ ಬಿಸಿಲು. ಶಿಖರದ ಒಂದೊಂದು ಗೆರೆಯೂ ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಇಂಥದ್ದು ವರ್ಷಕ್ಕೆ ಎರಡು ಸಲ ಸಿಕ್ಕರೆ ಹೆಚ್ಚು.

ಬ್ಯಾಗ್ ತೆರೆದು ಕ್ಯಾಮೆರಾ ಎತ್ತಿ ಕಣ್ಣಿಗೆ ಹಚ್ಚಿದೆ. ಬರೀ ಹಾಲು.

"ಅಣ್ಣಾ, ಕಾಜಿಗೆ ಮಂಜು ಹತ್ತೇತಿ ನೋಡ್ರಿ" ಅಂದ ಹುಡುಗ.

ಕರವಸ್ತ್ರದಿಂದ ಒರೆಸಿದೆ. ನಾಲ್ಕು ಎಣಿಸುವುದರೊಳಗೆ ಮತ್ತೆ ಹಾಲು. ಮತ್ತೆ ಒರೆಸಿದೆ. ಈ ಸಲ ಕರವಸ್ತ್ರವೂ ಹಸಿ, ಲೆನ್ಸಿನ ಮೇಲೆ ಜಿಡ್ಡಿನ ಗೆರೆ. ಅಂಗಿಯ ತುದಿಯಿಂದ ಒರೆಸಿದೆ. ಮಾಡಬಾರದ್ದು ಅಂತ ಗೊತ್ತಿದ್ದೂ ಮಾಡಿದೆ. ಹೊರಗಿನ ಗಾಜು ಸ್ವಲ್ಪ ತಿಳಿಯಾಯಿತು ಅನ್ನುವಾಗ ನೋಡಿದರೆ ಒಳಗಿನ ಗಾಜಿಗೂ ಮಂಜು. ಅದನ್ನು ಯಾವ ಬಟ್ಟೆಯಿಂದ ಒರೆಸುವುದು? ಬೇರೆ ಲೆನ್ಸ್ ಹಾಕೋಣ ಅಂತ ಕಳಚಿದೆ. ಅದೂ ಅದೇ ಬ್ಯಾಗಿನಲ್ಲಿ ಅದೇ ಎಸಿ ಗಾಳಿ ಕುಡಿದದ್ದಲ್ವಾ, ಅದಕ್ಕೂ ಮಂಜು. ಮೇಲಾಗಿ ಕಳಚಿದ ಹೊತ್ತಿನಲ್ಲಿ ಹಸಿ ಗಾಳಿ ಸೆನ್ಸರಿನವರೆಗೂ ಹೋಯಿತು. ಐದು ನಿಮಿಷಕ್ಕೆ ಮೋಡ ಮುಚ್ಚಿತು. ಬಿಸಿಲು ಹೋಯಿತು. ಕಾಕಾ ಕಟ್ಟೆ ಮೇಲೆ ಕೂತು ಚಹಾ ಹೀರುತ್ತಾ ತಮ್ಮ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡಿದ್ದರು. ನಿಜ ಹೇಳಬೇಕೆಂದರೆ ಅದು ಬಹಳ ಚೆನ್ನಾಗಿ ಬಂದಿತ್ತು. ಮೊಬೈಲು ಅವರ ಅಂಗಿಯ ಜೇಬಿನಲ್ಲಿ ಬೆಚ್ಚಗೆ ಇತ್ತಲ್ಲ.

ಇದರಲ್ಲಿ ಗುಟ್ಟು ಏನೂ ಇಲ್ಲ. ಫ್ರಿಜ್ಜಿನಿಂದ ತೆಗೆದ ಸೋಡಾ ಬಾಟಲಿ ಮೇಜಿನ ಮೇಲಿಟ್ಟರೆ ಬೆವರುತ್ತದೆ. ಗಾಳಿಯಲ್ಲಿರುವ ತೇವ ತಣ್ಣನೆಯ ಮೈ ಸಿಕ್ಕ ಕಡೆ ನೀರಾಗಿ ಕೂರುತ್ತದೆ. ಲಡಾಖಿನಲ್ಲಿ ಚಳಿ ಹೊರಗೆ, ತೇವ ಕೋಣೆಯ ಒಳಗೆ. ಹಾನಗಲ್ಲಿನಲ್ಲಿ ಚಳಿ ಕಾರಿನ ಒಳಗೆ, ತೇವ ಹೊರಗೆ. ಅಲ್ಲಿ ಒಳಗೆ ಹೋಗುವಾಗ ಚೀಲ ಬೇಕಿತ್ತು, ಇಲ್ಲಿ ಹೊರಗೆ ಬರುವಾಗ. ಅಷ್ಟು ದೂರ ಹೋಗಿ ಕಲಿತು ಬಂದ ಪಾಠವನ್ನು ತಿರುಗಿಸಿ ಹಾಕಿಕೊಳ್ಳಲು ನನಗೆ ಹೊಳೆಯಲಿಲ್ಲ. ಯಾಕೆಂದರೆ ಹಾನಗಲ್ಲಿಗೆ ಹೊರಟಾಗ ನಾನು ಹವೆಯ ಬಗ್ಗೆ ಯೋಚನೆಯನ್ನೇ ಮಾಡಿರಲಿಲ್ಲ. ನಮ್ಮೂರ ಮಳೆ, ಅದಕ್ಕೇನು ಯೋಚನೆ ಮಾಡೋದು.

ತಪ್ಪು ಅಲ್ಲಿಗೇ ನಿಲ್ಲಲಿಲ್ಲ. ಬೇಜಾರಿನಲ್ಲಿ ಆ ಹಸಿ ಲೆನ್ಸನ್ನು ಹಾಗೇ ಬ್ಯಾಗಿಗೆ ತುರುಕಿ ಜಿಪ್ ಎಳೆದೆ. ಆಮೇಲೆ ಮೂರು ವಾರ ಧಾರವಾಡದಲ್ಲಿ ಒಂದು ಸಂಸ್ಥೆಯ ಒಳಾಂಗಣದ ಕೆಲಸ, ಆ ಲೆನ್ಸ್ ಬೇಕಾಗಲಿಲ್ಲ. ಧಾರವಾಡದ ಮಳೆ ಗೊತ್ತಲ್ಲ, ಮಲೆನಾಡ ಸೆರಗು. ಹುಬ್ಬಳ್ಳಿಯಲ್ಲಿ ಬಿಸಿಲು ಅಂತ ಹೊರಟರೆ ನವನಗರ ದಾಟುವುದರೊಳಗೆ ವೈಪರ್ ಹಾಕಬೇಕು. ದಿನವಿಡೀ ಜಿಟಿಜಿಟಿ. ಬಾಡಿಗೆ ಕೋಣೆಯಲ್ಲಿ ಒಗೆದ ಅಂಗಿ ಎರಡು ದಿನ ಒಣಗುತ್ತಿರಲಿಲ್ಲ. ಆಗಸ್ಟಿನಲ್ಲಿ ಲೆನ್ಸ್ ತೆಗೆದು ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಜೇಡರ ಬಲೆಯಂಥ ಬಿಳಿ ಎಳೆ. ಬೂಸ್ಟು. ಗಾಳಿಯ ತೇವ ಶೇಕಡಾ 60–65ರ ಮೇಲೆ ಬಹಳ ದಿನ ನಿಂತರೆ ಗಾಜಿನ ಮೇಲೂ ಬೂಸ್ಟು ಬೆಳೆಯುತ್ತದೆ. ಕತ್ತಲು, ಮುಚ್ಚಿದ ಬ್ಯಾಗು, ನನ್ನ ಕರವಸ್ತ್ರದ ಜಿಡ್ಡು, ಅದಕ್ಕೆ ಬೇಕಾದದ್ದೆಲ್ಲ ನಾನೇ ಬಡಿಸಿ ಇಟ್ಟಿದ್ದೆ. ರಿಪೇರಿಯವರು ಬಿಚ್ಚಿ ತೊಳೆದು ಕೊಟ್ಟರು. ಬೂಸ್ಟು ಹೋಯಿತು, ಆದರೆ ಕೋಟಿಂಗ್ ಮೇಲೆ ಅದು ತಿಂದ ಗುರುತು ಉಳಿಯಿತು. ಸೂರ್ಯನಿಗೆ ಎದುರಾಗಿ ತೆಗೆದರೆ ಈಗಲೂ ಒಂದು ಮಬ್ಬು ಕಾಣುತ್ತದೆ.

ಈಗ ಮಳೆಗಾಲದಲ್ಲಿ ನಾನು ಮಾಡುವುದು ಇಷ್ಟು. ಬ್ಯಾಗು ಕಾರಿನ ಡಿಕ್ಕಿಯಲ್ಲಿ, ಸೀಟಿನ ಮೇಲೆ ಇಲ್ಲ. ಊರು ಅರ್ಧ ತಾಸು ಇದೆ ಅನ್ನುವಾಗ ಎಸಿ ಬಂದ್, ಕಿಟಕಿ ಇಳಿಸುವುದು. ಮುಟ್ಟಿದ ಮೇಲೆ ಇಪ್ಪತ್ತು ನಿಮಿಷ ಜಿಪ್ ತೆರೆಯುವುದಿಲ್ಲ, ಆ ಹೊತ್ತಿನಲ್ಲಿ ಸುಮ್ನೆ ಗುಡಿ ಸುತ್ತಿ ಎಲ್ಲಿ ನಿಲ್ಲಬೇಕು ಅಂತ ನೋಡುತ್ತೇನೆ. ಇದರಿಂದ ಚಿತ್ರಗಳು ಸುಧಾರಿಸಿವೆ, ಅದು ಬೇರೆ ಮಾತು. ಮನೆಗೆ ಬಂದ ಮೇಲೆ ಎಲ್ಲ ಹೊರಗೆ ತೆಗೆದು ಫ್ಯಾನ್ ಕೆಳಗೆ ಒಂದು ರಾತ್ರಿ. ಆಮೇಲೆ ರಬ್ಬರ್ ಅಂಚಿನ ಬಿಗಿ ಡಬ್ಬಿ, ಒಳಗೆ ಸಿಲಿಕಾ ಜೆಲ್ ಹರಳು ಮತ್ತು ತೇವ ತೋರಿಸುವ ಸಣ್ಣ ಮೀಟರು. ಮುಳ್ಳು 40–50ರ ನಡುವೆ ಇದ್ದರೆ ಸಾಕು. ನೀಲಿ ಹರಳು ತೇವ ಕುಡಿದರೆ ಗುಲಾಬಿ ಆಗುತ್ತದೆ, ಬಿಸಿ ಮಾಡಿದರೆ ಮತ್ತೆ ನೀಲಿ. ಆದರೆ ಅಡುಗೆಯ ತವೆಯ ಮೇಲೆ ಕಾಯಿಸಬೇಡಿ. ಆ ನೀಲಿ ಬಣ್ಣ ಕೋಬಾಲ್ಟಿನದು, ಹೊಟ್ಟೆಗೆ ವಿಷ. ನಾನು ಮೊದಲು ರೊಟ್ಟಿ ಹಂಚಿನ ಮೇಲೇ ಇಟ್ಟಿದ್ದೆ. ಮನೆಯಲ್ಲಿ ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಹಾನಗಲ್ಲಿನ ಪೆಟ್ಟು ತಿಂದ ಮೇಲೆ ಉಳಿದ ತಿಂಗಳುಗಳಿಗೆ ನಾನು ಸ್ವಲ್ಪ ತಗ್ಗಿ ನಡೆದೆ.

ಲಕ್ಕುಂಡಿಯದು ಬೆಳಕಿನ ಸಮಸ್ಯೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ, ಕಾಶಿ ವಿಶ್ವನಾಥ ಗುಡಿ, ಎಲ್ಲ ಕಪ್ಪು ಹಸಿರು ಮಿಶ್ರಿತ ಬಳಪದ ಕಲ್ಲು. ಕ್ಯಾಮೆರಾಕ್ಕೆ ಒಂದು ದಡ್ಡ ಚಾಳಿ ಇದೆ, ಎದುರಿಗೆ ಕಂಡದ್ದನ್ನೆಲ್ಲ ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಿಮ ತೋರಿಸಿದರೆ ಬೂದಿ ಮಾಡುತ್ತದೆ. ಕಪ್ಪು ಕಲ್ಲು ತೋರಿಸಿದರೆ ಸುಣ್ಣ ಬಳಿದ ಹಾಗೆ ಮಾಡುತ್ತದೆ. ಲೇಹ್‌ನಲ್ಲಿ ಎಕ್ಸ್‌ಪೋಷರನ್ನು (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಒಂದರಿಂದ ಒಂದೂವರೆ ಸ್ಟಾಪ್ ಏರಿಸಿದ್ದೆ. ಒಂದು ಸ್ಟಾಪ್ ಏರಿಸಿದರೆ ಬೆಳಕು ಎರಡು ಪಟ್ಟು, ಇಳಿಸಿದರೆ ಅರ್ಧ. ಲಕ್ಕುಂಡಿಯಲ್ಲಿ ಮುಕ್ಕಾಲರಿಂದ ಒಂದು ಸ್ಟಾಪ್ ಇಳಿಸಿದೆ. ಏಪ್ರಿಲ್ ಬಿಸಿಲು, ಗದಗ ಕಡೆ 40ರ ಹತ್ತಿರ. ಹನ್ನೊಂದರ ಮೇಲೆ ಕೆತ್ತನೆ ಎಲ್ಲ ಚಪ್ಪಟೆ. ಹತ್ತಕ್ಕೇ ಮುಗಿಸಿ ನೆರಳು ಹಿಡಿದೆವು. ಕ್ಯಾಮೆರಾ ಮೇಲೆ ಬಿಳಿ ಟವೆಲ್ಲು. ನಿಲ್ಲಿಸಿದ ಕಾರಿನಲ್ಲಿ ಮಾತ್ರ ಏನನ್ನೂ ಬಿಡಲಿಲ್ಲ. ಮುಚ್ಚಿದ ಕಾರು ಆ ಬಿಸಿಲಿನಲ್ಲಿ ಒಲೆ ಆಗುತ್ತದೆ, ಬ್ಯಾಟರಿ ಉಬ್ಬಿಕೊಂಡರೆ ಹೊರಗೆ ತೆಗೆಯಲೂ ಬರುವುದಿಲ್ಲ.

ಮಾಗಡಿ ಕೆರೆಯ ಚಿತ್ರ ಡಿಸೆಂಬರಿಗೆ. ಶಿರಹಟ್ಟಿ ತಾಲೂಕಿನ ಈ ಕೆರೆಗೆ 2024ರಲ್ಲಿ ರಾಮ್‌ಸಾರ್ ಮಾನ್ಯತೆ ಸಿಕ್ಕಿದೆ, ಅಂದರೆ ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿಗೆ ಸೇರಿದೆ. ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಇಲ್ಲಿಗೆ ಬರುತ್ತವೆ. ಮೊದಲ ದಿನ ಒಂಬತ್ತೂವರೆಗೆ ಹೋಗಿ ಉದ್ದನೆಯ ಲೆನ್ಸಿನಲ್ಲಿ ಮುನ್ನೂರು ಚಿತ್ರ ತೆಗೆದೆ. ಮನೆಗೆ ಬಂದು ನೋಡಿದರೆ ಒಂದೂ ಚೂಪಾಗಿಲ್ಲ. ಲೆನ್ಸ್ ಕೆಟ್ಟಿತೋ ಅಂತ ಎದೆ ಧಸಕ್ಕೆಂದಿತು. ಕೆಟ್ಟಿರಲಿಲ್ಲ. ರಾತ್ರಿ ತಣ್ಣಗಾದ ಹೊಲದ ಮೇಲೆ ಬಿಸಿಲೇರಿದಾಗ ನೆಲದಿಂದ ಏಳುವ ಬಿಸಿ ಗಾಳಿ ನಡುಗುತ್ತದೆ. ಡಾಂಬರು ರೋಡಿನ ಮೇಲೆ ಕಾಣುತ್ತದಲ್ಲ, ಹಾಗೆ. ಅದರ ಮೂಲಕ ದೂರದ ಹಕ್ಕಿ ತೆಗೆದರೆ ಎಷ್ಟು ದುಬಾರಿ ಲೆನ್ಸ್ ಆದರೂ ಕಲಸಿದ ಹಾಗೇ ಬರುತ್ತದೆ. ಮರುದಿನ ಬೆಳಗಾಗುವ ಮೊದಲೇ ಹೋದೆವು. ಎಂಟರೊಳಗೆ ಕೆಲಸ ಮುಗಿಯಿತು.

ಕಪ್ಪತಗುಡ್ಡದಲ್ಲಿ ಆಷಾಢದ ಗಾಳಿಗೆ ಟ್ರೈಪಾಡ್ ಬಿತ್ತು. ಬಿದ್ದದ್ದು ಎರೆ ಮಣ್ಣಿನ ಕೆಸರಿನಲ್ಲಿ, ಅದೊಂದು ಅದೃಷ್ಟ. ಟ್ರೈಪಾಡಿನ ನಡುಗಂಬಕ್ಕೆ ಬ್ಯಾಗು ನೇತುಹಾಕಿದ್ದೆ, ಅದೇ ಗಾಳಿಗೆ ತೂಗಾಡಿ ಕೆಡವಿತು. ಬ್ಯಾಗಿನ ತಳ ನೆಲಕ್ಕೆ ತಾಗುವ ಹಾಗೆ ಇಳಿಬಿಡಬೇಕು.

ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಬಗ್ಗೆ ಮಾತ್ರ ನಾಲ್ಕು ಮಾತು ಜಾಸ್ತಿ ಬರೆಯಲೇಬೇಕು. ಫೆಬ್ರವರಿ, ಸೀಸನ್ ಜೋರು. ಅಂಗಳದ ತುಂಬ ಕೆಂಪು ರಾಶಿ, ಸುಕ್ಕುಗಟ್ಟಿದ ಕಡ್ಡಿ ಕಾಯಿ. ಕ್ಯಾಮೆರಾ ಹಿಂದಿನ ಸ್ಕ್ರೀನಿನಲ್ಲಿ ಎಲ್ಲ ಚಂದ ಕಂಡಿತು. ಕಂಪ್ಯೂಟರಿನಲ್ಲಿ ನೋಡಿದರೆ ಕಾಯಿಯ ಸುಕ್ಕೇ ಇಲ್ಲ, ಕುಂಕುಮದ ಗುಡ್ಡೆ. ಒಟ್ಟು ಬೆಳಕು ಸರಿಯಾಗಿತ್ತು, ಕೆಂಪು ಬಣ್ಣವೊಂದು ಮಾತ್ರ ತುಂಬಿ ಹರಿದಿತ್ತು. ಇಂಥ ಕಡೆ ಕೆಂಪು, ಹಸಿರು, ನೀಲಿ ಮೂರೂ ಬಣ್ಣದ ಹಿಸ್ಟೋಗ್ರಾಂ (ಬೆಳಕು ಎಷ್ಟಿದೆ ಅಂತ ತೋರಿಸುವ ನಕ್ಷೆ) ಬೇರೆ ಬೇರೆಯಾಗಿ ನೋಡಬೇಕು, ಕೆಂಪಿನ ಗೆರೆ ಬಲ ಅಂಚಿಗೆ ಹೊಡೆಯದ ಹಾಗೆ ಎಕ್ಸ್‌ಪೋಷರ್ ಇಳಿಸಬೇಕು. ಎರಡನೇ ಸಲ ಹೋದೆ. ರಾಶಿ ಹರಡುತ್ತಿದ್ದ ಒಬ್ಬ ಅಕ್ಕ ನನ್ನನ್ನು ನೋಡಿ, "ಹೋದ ವಾರ ಸೀನಿ ಸೀನಿ ಹೋಗಿದ್ರಲ್ರೀ, ಮತ್ತ ಬಂದ್ರ್ಯಾ?" ಅಂತ ನಕ್ಕರು. ಈ ಸಲ ಮುಖಕ್ಕೆ ಒದ್ದೆ ವಸ್ತ್ರ ಕಟ್ಟಿಕೊಂಡಿದ್ದೆ. ಆದರೆ ಚಿತ್ರ ಚಂದ ಕಾಣಲಿ ಅಂತ ನಾಲ್ಕು ಕಾಯಿ ಕೈಯಿಂದಲೇ ಸರಿಸಿದ್ದೆ, ಅದೇ ಕೈಯಿಂದ ವ್ಯೂಫೈಂಡರಿನ ರಬ್ಬರ್ ಮುಟ್ಟಿದ್ದೆ, ಅದಕ್ಕೇ ಕಣ್ಣು ಹಚ್ಚಿದೆ. ಮುಂದಿನ ಹತ್ತು ನಿಮಿಷ ಆ ಅಕ್ಕನೇ ಕೊಡದಿಂದ ನೀರು ಹಾಕಿದರು.

ಜುಲೈ ಪುಟಕ್ಕೆ ಕೊನೆಗೆ ಏನು ಹೋಯಿತು ಅಂತ ಕೇಳಬಹುದು. ಹಾನಗಲ್ಲಿಗೆ ಮತ್ತೆ ಮೂರು ಸಲ ಹೋದೆ, ಆ ಬಿಸಿಲು ಸಿಗಲಿಲ್ಲ. ಮೋಡದ ಬೆಳಕಿನಲ್ಲೇ ಒಳಗಿನ ಛತ್ತಿನ ಕಮಲ ತೆಗೆದೆ. ಸೊಸೈಟಿಯವರು ಒಪ್ಪಿದರು. ಕಾಕಾ ಮಾತ್ರ ತಮ್ಮ ಮೊಬೈಲ್ ಫೋಟೋವನ್ನು ವಾಟ್ಸಾಪ್ ಡಿಪಿ ಮಾಡಿಕೊಂಡಿದ್ದಾರೆ. ಇನ್ನೂ ಬದಲಿಸಿಲ್ಲ. ಬಂಕಾಪುರ ದಾಟಿ ನಾನು ಎಸಿ ಬಂದ್ ಮಾಡಿ ಅಂದಾಗಲೆಲ್ಲ, "ಮಾಡ್ತೀನಪ್ಪಾ, ನಿನ್ನ ಕ್ಯಾಮೆರಾಕ್ಕ ಥಂಡಿ ಹತ್ತೀತು" ಅಂತ ಕಿಟಕಿ ಇಳಿಸುತ್ತಾರೆ.